ಟ್ರೇಯಲ್ಲಿ ಗೀರು

ಮೂರನೇ ಲೈನಿನ ವರದಿಗೆ ನಾನು ಬರೆದದ್ದು ಒಂದೇ ಸಾಲು:
ಟ್ರೇಯಲ್ಲಿ ಗೀರು ಬಿದ್ದಿದೆ.
ಜಪಾನಿ ಭಾಷೆಯಲ್ಲೇ ಬರೆದೆ, ಹೊಸದಾಗಿ ಕಲಿತ ಹುಮ್ಮಸ್ಸು.
‘ಅಲ್ಲಿ’ ಬರಬೇಕಾದ ಕಡೆ ‘ನಿ’ ಇಟ್ಟೆ.

ಎರಡು ದಿನ
ನಾನೂರು ನೀಲಿ ಟ್ರೇಗಳನ್ನು ತೊಳೆದು, ಒರೆಸಿ,
ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು
ನಾಲ್ಕು ಜನ ಗೀರು ಹುಡುಕಿದರು.
ಮಂಗೈಯರ್ಕರಸಿ ಭೂತಗನ್ನಡಿ ಹಿಡಿದು ತಮಿಳಿನಲ್ಲಿ ಬೈದಳು,
ಲಚ್ಚುಮಕ್ಕ ತೆಲುಗಿನಲ್ಲಿ.
ಒಂದು ಟ್ರೇಗೂ ಏನೂ ಆಗಿರಲಿಲ್ಲ.
ಅಷ್ಟರಲ್ಲಿ ಇನ್ನೂ ಆರುನೂರು ಪಿಸ್ಟನ್ ಪಿನ್ನು
ಅದೇ ಟ್ರೇಯ ಅಂಚಿಗೆ ಉಜ್ಜಿ ಕೆಟ್ಟವು.

ಶನಿವಾರ ಶಿಫ್ಟು ಬಿಟ್ಟ ಮೇಲೆ ಕ್ಯಾಂಟೀನಿನಲ್ಲಿ
ಒಕುದಾ-ಸಾನ್ ಬಿಳಿ ಹಲಗೆಯ ಮೇಲೆ ಎರಡು ಅಕ್ಷರ ಬರೆದರು.
ಬೈಯಲಿಲ್ಲ. ಬೈದಿದ್ದರೆ ಬೇಗ ಮರೆಯುತ್ತಿದ್ದೆ.
‘ನಿ’ ಅಂದರೆ ಗೀರು ಬಿದ್ದದ್ದು ಟ್ರೇಯ ಮೈಮೇಲೆ.
‘ದೆ’ ಅಂದರೆ ಗೀರಿದ್ದೇ ಟ್ರೇ.
ಗಾಯವಾದದ್ದು ಯಾರಿಗೆ, ಮಾಡಿದ್ದು ಯಾರು,
ಎಲ್ಲ ಒಂದಕ್ಷರದ ಮೇಲೆ.

ನಮ್ಮಲ್ಲಿ ಎರಡಕ್ಕೂ ಒಂದೇ ಬಾಗಿಲು, ಅಂದೆ.
ಡೆಂಕಣಿಕೋಟೆಯ ಕನ್ನಡ ಶಾಲೆಯಲ್ಲಿ ತಿಮ್ಮರಾಯಪ್ಪ ಮೇಷ್ಟ್ರು
ಮೇಜಿಗೆ ಬೆತ್ತ ಬಡಿದು ತಾಳ ಹಾಕುತ್ತಿದ್ದರು:
ಉ, ಅನ್ನು, ಇಂದ, ಗೆ, ದೆಸೆಯಿಂದ, ಅ
ಏಳನೆಯದಕ್ಕೆ ಬರುವಾಗ ಗಂಟೆ ಹೊಡೆಯುತ್ತಿತ್ತು,
‘ಅಲ್ಲಿ’ ಎಂದು ಕೂಗುತ್ತಲೇ ಬಯಲಿಗೆ ಓಡುತ್ತಿದ್ದೆವು.
ಏಳನೆಯದನ್ನು ಯಾರೂ ಕೂತು ಕಲಿಯಲಿಲ್ಲ.

ಮನೆಗೆಲಸಕ್ಕೆ ಹತ್ತು ವಾಕ್ಯ ಕೊಟ್ಟರು.
ಕಂಪನಿ ಬಸ್ಸು ಮತ್ತಿಗಿರಿ ದಾಟುವಾಗ ಮೊಣಕಾಲ ಮೇಲೆ ಪುಸ್ತಕ:
ಡೆಂಕಣಿಕೋಟೆಯಲ್ಲಿ ವಾಸ, ನಿ.
ಹೊಸೂರಿನಲ್ಲಿ ದುಡಿತ, ದೆ.
ಕಂಪನಿಯಲ್ಲಿ ನೌಕರಿ ಅಂದರೆ ಮತ್ತೆ ನಿ,
ರಿಜಿಸ್ಟರಿನಲ್ಲಿ ಹೆಸರು ಸುಮ್ಮನೆ ಕೂತಿರುತ್ತದಲ್ಲ, ಅದಕ್ಕಿರಬೇಕು.
ಅಪ್ಪ ಸರ್ಕಾರಿ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದ, ನಿ.
ಅಲ್ಲೇ ಸತ್ತ, ದೆ.
ಸಾಯುವುದೂ ಒಂದು ಕೆಲಸ ಅಂತ
ಆ ಭಾಷೆಗೆ ಯಾರು ಹೇಳಿಕೊಟ್ಟರೋ.
ಆ ಹದಿನೆಂಟು ದಿನ ಪಕ್ಕದಲ್ಲಿ ಕೂತವಳು ನಾನು;
ಹೌದು, ಕೆಲಸವೇ.

ಹತ್ತರಲ್ಲಿ ಒಂಬತ್ತಕ್ಕೆ ಕೆಂಪು ಸೊನ್ನೆ.
ಗಾಬರಿಯಾಯಿತು. ಅವರಲ್ಲಿ ಸೊನ್ನೆ ಅಂದರೆ ಸರಿ.
ತಪ್ಪಿದ್ದು ಕೊನೆಯದು:
‘ನಾನು ಕನ್ನಡದಲ್ಲಿ ಮಾತಾಡುತ್ತೇನೆ.’
‘ನಿ’ ಹಾಕಿದ್ದೆ, ಯೋಚನೆಯನ್ನೇ ಮಾಡದೆ.
‘ದೆ’ ಅಂದರು ಒಕುದಾ-ಸಾನ್. ಸ್ಪ್ಯಾನರಿನಲ್ಲಿ ನಟ್ಟು ಬಿಗಿದ ಹಾಗೆ,
ಚಾಪ್‌ಸ್ಟಿಕ್ಕಿನಲ್ಲಿ ಅನ್ನ ತಿಂದ ಹಾಗೆ. ಭಾಷೆ ಉಪಕರಣ.
ಮಾತಾಡದೆ, ಸುಮ್ಮನೆ ಅದರಲ್ಲಿ ಇದ್ದರೆ?
ಮಾರ್ಕರಿನ ಮುಚ್ಚಳ ತೆಗೆದರು. ಹಾಕಿದರು. ಮತ್ತೆ ತೆಗೆದರು.
‘ವ್ಯಾಕರಣ ಬೇಡ ಅನ್ನುವುದಿಲ್ಲ.
ಆದರೆ ಹಾಗೆ ಯಾರೂ ಅನ್ನುವುದಿಲ್ಲ.’

ನಿಮ್ಮದನ್ನು ಬರೆ ಎಂದು ಮಾರ್ಕರು ನನ್ನ ಕೈಗೆ ಕೊಟ್ಟರು.
‘ಅಲ್ಲಿ’ ಎಂದು ಬರೆದೆ, ಒತ್ತಕ್ಷರ ದಪ್ಪಗೆ.
ಒಂಟಿಯಾಗಿ ಇದ್ದರೆ ಇದರ ಅರ್ಥ?
ಕಿಟಕಿಯಾಚೆ ಕೈ ತೋರಿಸಿದೆ:
ಸೈಕಲ್ ಸ್ಟ್ಯಾಂಡು, ಗೇಟು, ಗುಲಾಬಿ ತೋಟದ ಪ್ಲಾಸ್ಟಿಕ್ ಚಾವಣಿ,
ಅದರಾಚೆ ಜೂಜುವಾಡಿಯ ಚೆಕ್‌ಪೋಸ್ಟು, ಅದರಾಚೆ.
ಅವರು ಕಿಟಕಿ ನೋಡಿದರು, ನನ್ನನ್ನು ನೋಡಿದರು.
‘ಆದರೆ ನೀನು ಇಲ್ಲಿದ್ದೀಯಲ್ಲ?’
ಹೊಸೂರಿನಿಲ್ಲಿ ಅನ್ನಲು ಬರುವುದಿಲ್ಲ ಸಾರ್.
ಇದ್ದ ಊರಿಗೂ ನಮ್ಮಲ್ಲಿ ‘ಅಲ್ಲಿ’ಯೇ ಅಂಟುವುದು.
ಅವರಿಗೆ ಎಷ್ಟು ತಿಳಿಯಿತೋ. ಬಸ್ಸು ಹಾರನ್ ಹೊಡೆಯಿತು.

ಸೋಮವಾರ ಟ್ರೇಗಳಿಗೆ ಫೆಲ್ಟು ಬಂತು.
ಅಂಟಿಸಿದ್ದು ಅಂಚಿನಲ್ಲಿ, ನಿ.
ಅಂಟಿಸಿದ್ದು ಫೆವಿಕಾಲಿನಲ್ಲಿ, ದೆ.
ಮಂಗೈಯರ್ಕರಸಿ ಇನ್ನೂ ಬೈಯುತ್ತಲೇ ಇದ್ದಾಳೆ,
ತಮಿಳಿನಲ್ಲಿ. ದೆ.