ಸ್ಮರಣ ಸಂಚಿಕೆಯಲ್ಲಿ ಹಿಡಿಯದ್ದು

ಕಂಪನಿಗೆ ನೂರೈವತ್ತು ತುಂಬಿತೆಂದು ಪುಸ್ತಕ ಬೇಕೆಂದರು.
ಮೂವತ್ತೆರಡು ಪುಟ, ನುಣುಪು ಕಾಗದ, ಅರ್ಧ ಚಿತ್ರ.
ಲೆಕ್ಕದ ಕೋಣೆಯವಳು ನಾನು.
ಅಕ್ಷರ ದುಂಡಗಿದೆ, ಹೆಚ್ಚು ಮಾತಾಡುವವಳಲ್ಲ ಎಂದು
ನನಗೇ ಒಪ್ಪಿಸಿದರು.

‘ಟಾರೆನ್ಸ್ ಮತ್ತು ಮಗ, ಸಕ್ಕರೆಯವರು, ಗ್ರೀನಾಕ್.’
ಇಟ್ಟಿಗೆ ಗೋಡೆಯ ಮೇಲೆ ಆಳೆತ್ತರದ ಬಿಳಿ ಅಕ್ಷರ;
ಕ್ಲೈಡ್ ನದಿಯ ಆಚೆ ದಡದಿಂದಲೂ ಓದಬಹುದಿತ್ತು.
ಮಗ ಒಂಬತ್ತನೆಯ ವಯಸ್ಸಿಗೇ ಗಂಟಲುಬೇನೆಯಲ್ಲಿ ಹೋಗಿದ್ದ.
ಅಳಿಸಲಿಲ್ಲ. ದುಃಖವೋ, ಬಣ್ಣದ ಖರ್ಚೋ,
ದಫ್ತರದಲ್ಲಿ ಎರಡಕ್ಕೂ ರಸೀದಿಯಿಲ್ಲ.

ಮೊದಲ ಲೆಡ್ಜರು ಕರುವಿನ ಚರ್ಮದ್ದು,
ತೆರೆದರೆ ಇಂದಿಗೂ ಹುಳಿವಾಸನೆ.
ಡೆಮೆರಾರಾದಿಂದ ಪೀಪಾಯಿ ಇನ್ನೂರ ಹನ್ನೆರಡು,
ಸೋರಿದ್ದು ಒಂಬತ್ತು.
ಅದೇ ಪುಟದಲ್ಲಿ, ಅದೇ ಶಾಯಿಯಲ್ಲಿ, ಅದೇ ಓರಣದಲ್ಲಿ
ಕಫೀ, ಕ್ವಾಶೀಬಾ, ಇನ್ನೊಬ್ಬ ಕಫೀ, ಹೆಸರಿಲ್ಲದ ಕೂಸು.
ಎದುರಿಗೆ ಪೌಂಡು, ಶಿಲ್ಲಿಂಗು.
ಬಿಡುಗಡೆಯ ಕಾಯಿದೆ ಬಂದ ಮೇಲೆ ಪರಿಹಾರವೂ ಬಂತು,
ಬಿಡುಗಡೆಯಾದವರಿಗಲ್ಲ.
ಆ ದುಡ್ಡಿನಲ್ಲಿ ಎದ್ದದ್ದು ಎರಡನೆಯ ಚಿಮಣಿ.
ಚಿಮಣಿಯ ಚಿತ್ರ ಪುಟ ಆರರಲ್ಲಿದೆ, ಚೆನ್ನಾಗಿ ಬಂದಿದೆ.

ಸಕ್ಕರೆ ಬೆಳ್ಳಗಾಗುವುದು ಹೇಗೆ ಎಂದು
ಶಾಲೆಯ ಮಕ್ಕಳು ಕೇಳುತ್ತಿದ್ದರು.
ಎಲುಬಿನಿಂದ, ಎಂದರೆ ಕಿರುಚಿ ನಗುತ್ತಿದ್ದರು.
ಹಡಗಿನಲ್ಲಿ ಬರುತ್ತಿತ್ತು ದನದ ಎಲುಬು;
ಸುಟ್ಟು ಇದ್ದಿಲು ಮಾಡಿ, ಮೂರು ಆಳಿನ ಕೊಳವೆಗೆ ತುಂಬಿ,
ಕೆಂಪು ಪಾಕವನ್ನು ಅದರೊಳಗೆ ಇಳಿಬಿಟ್ಟರೆ
ಕೆಳಗೆ ನೀರಿನಂತೆ ತೊಟ್ಟಿಕ್ಕುತ್ತಿತ್ತು.
ನನ್ನ ಅಜ್ಜ ಲಾಕ್ಲನ್, ಟೈರೀ ದ್ವೀಪದವನು,
ಮೂವತ್ತೊಂದು ವರ್ಷ ಆ ಇದ್ದಿಲುಮನೆಯಲ್ಲಿ.
ಲೋಕಕ್ಕೆಲ್ಲ ಬಿಳುಪು ಹಂಚಿ
ತಾನು ಕಪ್ಪು ಉಗುಳುತ್ತಿದ್ದ.
ಸತ್ತಾಗ ಮೈ ತೊಳೆದ ನೀರು
ಮೂರು ಸಲ ಬದಲಿಸಿದರೂ ತಿಳಿಯಾಗಲಿಲ್ಲವಂತೆ.

ಚೀಲ ಹೊಲಿಯುವ ಹೆಂಗಸರದು ಬೇರೆ ಕಥೆ.
ಬೇಸಿಗೆಯಲ್ಲಿ ಕಣಜಗಳು ಅವರ ಬೆನ್ನು ಹತ್ತಿ
ಟ್ರಾಮ್ ಏರುತ್ತಿದ್ದವು.
ಶನಿವಾರದ ಕುಣಿತಕ್ಕೆ ಎಷ್ಟು ತಿಕ್ಕಿ ತೊಳೆದುಕೊಂಡರೂ
ಕಿವಿಯ ಹಿಂದೆ ಸಿಹಿ ಉಳಿದಿರುತ್ತಿತ್ತು,
ಎಂದು ಬೆತಿಯಾ ಹೇಳುತ್ತಿದ್ದಳು,
ಯಾರು ಕಂಡುಹಿಡಿದರೆಂದು ಮಾತ್ರ ಹೇಳುತ್ತಿರಲಿಲ್ಲ.
ಅವಳ ಬೆರಳುಗಳ ಸೀಳು ಕೊನೆಯವರೆಗೂ ಕೂಡಲಿಲ್ಲ.
ಸಂಚಿಕೆಯಲ್ಲಿ: ‘ಮಹಿಳಾ ಸಿಬ್ಬಂದಿ, ಹರ್ಷಚಿತ್ತರು.’

ಆಮೇಲೆ ಬಾಂಬಿನ ರಾತ್ರಿ.
ಗೋದಾಮಿಗೆ ಬೆಂಕಿ ಬಿದ್ದು
ಪಾಕ ಹೊಳೆಯಾಗಿ ಇಳಿಜಾರಿನ ಬೀದಿಗೆ ಹರಿಯಿತು;
ಮೆಟ್ಟಿಲು, ಬೂಟು, ಒಂದು ಬೆಕ್ಕು,
ಎಲ್ಲವನ್ನೂ ಅಪ್ಪಿಕೊಂಡು ಬೆಳಗಿನ ಹೊತ್ತಿಗೆ ಕಲ್ಲಾಯಿತು.
ರೇಷನ್ನಿನ ಕಾಲ. ವಾರಕ್ಕೆ ಎಂಟು ಔನ್ಸು.
ಮಕ್ಕಳು ಉಳಿ ಸುತ್ತಿಗೆ ತಂದರು.
ಸತ್ತವರನ್ನು ಬೀದಿಯ ಆ ತುದಿಯಲ್ಲಿ ಎತ್ತುತ್ತಿದ್ದಾಗ
ಈ ತುದಿಯಲ್ಲಿ ನನ್ನಮ್ಮ, ಹನ್ನೊಂದರ ಹುಡುಗಿ,
ನೆಲದಿಂದ ಸಕ್ಕರೆ ಕೆತ್ತುತ್ತಿದ್ದಳು.

ಇದನ್ನು ಬರೆದಿದ್ದೆ.
ಮ್ಯಾನೇಜರು ಓದಿ, ಕನ್ನಡಕ ಒರೆಸಿ,
‘ಸ್ವಲ್ಪ ಸಿಹಿ ಇರಲಿ’ ಎಂದರು. ಕೆಟ್ಟವರೇನಲ್ಲ.
ಆ ಪುಟಕ್ಕೆ ರಾಜಮನೆತನದವರೊಬ್ಬರು ಬಂದುಹೋದ ಚಿತ್ರ ಬಂತು.

ಕಾರ್ಖಾನೆ ಮುಚ್ಚಿ ಈಗ ಬಹಳ ವರ್ಷ.
ಕೆಡವುವವರ ದುಡ್ಡೂ ಅರ್ಧಕ್ಕೆ ಮುಗಿದು
ಒಂದು ಗೋಡೆ ನಿಂತಿದೆ.
ಹಡಗಿನಿಂದ ನೋಡಿದವರಿಗೆ
‘ಮತ್ತು ಮಗ’ ಎಂದಷ್ಟೇ ಕಾಣುತ್ತದೆ.

ನನಗೆ ಸಕ್ಕರೆ ಕಾಯಿಲೆ.
ದಿನಾ ಬೆಳಿಗ್ಗೆ ಬೆರಳು ಚುಚ್ಚಿ, ಅಂಕಿ ಬರೆದಿಡುತ್ತೇನೆ;
ಹಳೆಯ ಚಾಳಿ, ಓರಣ ತಪ್ಪುವುದಿಲ್ಲ.
ಅಮ್ಮನ ಬಿಸ್ಕತ್ತಿನ ಡಬ್ಬಿಯಲ್ಲಿ
ಮುಷ್ಟಿಗಾತ್ರದ ಒಂದು ಕರೀ ಗಟ್ಟಿ ಇದೆ, ಒಳಗೆ ಗಾಜಿನ ಚೂರು.
ಅವಳು ತಿನ್ನಲೂ ಇಲ್ಲ, ಎಸೆಯಲೂ ಇಲ್ಲ.
ನಿನ್ನೆ ರಾತ್ರಿ ನಾಲಗೆಯ ತುದಿ ತಾಗಿಸಿದೆ.
ಮೊದಲು ಬೂದಿ. ಆಮೇಲೆ ಇಟ್ಟಿಗೆ.
ಬಹಳ ಹೊತ್ತಿನ ಮೇಲೆ,
ಬಾಯಿ ಮುಚ್ಚಿಕೊಂಡು ಕಾದರೆ,
ಸಿಹಿ.