ಶನಿವಾರದ ಕ್ಷೌರ

ಅಲ್ಲಾಡಬೇಡಿ ಹೆಡ್‌ಮಾಸ್ಟರೇ,
ಕತ್ತಿ ಹೊಸದು, ಬ್ಲಾಂಟೈರಿನಿಂದ ನಿನ್ನೆ ತಾನೇ ಬಂತು.
ಗದ್ದ ಸ್ವಲ್ಪ ಮೇಲೆ. ಹಾಂ, ಹಾಗೆ.
ಇನ್ನು ಮಾತಾಡುವ ಸರದಿ ನನ್ನದು;
ನಿಮ್ಮ ಬಾಯ ಸುತ್ತ ನೊರೆ ಇದೆ.

ಜೊಂಬಾ ಬೆಟ್ಟದ ಮೇಲೆ ಮೋಡ ಕೂತಿದೆ, ಕನ್ನಡಿಯಲ್ಲಿ ನೋಡಿ.
ಅದರ ಕೆಳಗೆ ನಿಮ್ಮ ಶಾಲೆಯ ತಗಡು,
ತಗಡಿನ ಈಚೆ ಮಾವಿನ ಮರ,
ಮರದ ಬುಡದಲ್ಲಿ ಎರಡನೇ ಟರ್ಮಿನಿಂದ ಒಬ್ಬ ಹುಡುಗ,
ಮೆನೆಲಿಕ್, ರಾಸ್ತಾ ಬಡಗಿ ಯೋರಾಮನ ಮಗ.
ಇವತ್ತು ರಜೆ. ಇಲ್ಲದಿದ್ದರೆ ಇಲ್ಲಿಂದಲೇ ಕಾಣುತ್ತಿದ್ದ.

ಅವನನ್ನು ನೀವೇ ನನ್ನ ಹತ್ತಿರ ಕಳಿಸಿದಿರಿ, ನೆನಪಿದೆಯಾ?
ಚೀಟಿ ಇನ್ನೂ ಕನ್ನಡಿಯ ಸಂದಿಯಲ್ಲಿದೆ:
‘ಈ ವಿದ್ಯಾರ್ಥಿಯ ತಲೆ ಬೋಳಿಸಿ ಕಳಿಸುವುದು.
ನಿಯಮ ಎಲ್ಲರಿಗೂ ಒಂದೇ.’
ಕೆಳಗೆ ಮೊಹರು. ಖರ್ಚು ತಂದೆಯದು.

ಇದೇ ಕುರ್ಚಿ. ಕಾಲು ಎಟುಕದ್ದಕ್ಕೆ ಹಲಗೆ ಇಟ್ಟು ಕೂರಿಸಿದೆ.
ಅವನ ತಾಯಿ ಬಾಗಿಲಲ್ಲೇ ನಿಂತಳು,
ಅಳಲಿಲ್ಲ, ಕೂಗಾಡಲಿಲ್ಲ.
ಒಂದು ಬಿಳೀ ಬಟ್ಟೆ ತಂದಿದ್ದಳು, ಮಡಿಕೆ ಕೂಡ ಮುರಿಯದ್ದು.
‘ಬಿದ್ದದ್ದನ್ನು ಇದರಲ್ಲಿ ಕಟ್ಟಿಕೊಡಿ,
ಗುಡಿಸಬೇಡಿ’ ಎಂದಳು.

ನಲವತ್ತು ವರ್ಷ ಈ ಊರಿನ ಕೂದಲು ಗುಡಿಸಿದ್ದೇನೆ,
ಮದುಮಗನದು, ಜೈಲಿಂದ ಬಂದವನದು, ಹೆಣದ್ದು ಕೂಡ.
ಯಾರೂ ಬಟ್ಟೆ ತಂದಿರಲಿಲ್ಲ.

ಒಂದು ಜಡೆ ಎತ್ತಿ ಹಿಡಿದೆ. ಬಾವಿ ಹಗ್ಗದ ಭಾರ.
ಹುಟ್ಟಿದಂದಿನಿಂದ ಕತ್ತರಿ ಕಾಣದ್ದು;
ತುದಿಯಲ್ಲಿರುವುದು ಅಮ್ಮನ ಬೆನ್ನ ಮೇಲಿದ್ದಾಗಿನ ಕೂದಲಂತೆ.
‘ದೇವರಿಗೆ ಮಾತು ಕೊಟ್ಟಿದ್ದೇವೆ’ ಎಂದ,
ಪಾಠ ಒಪ್ಪಿಸಿದ ಹಾಗಲ್ಲ,
ಮನೆ ಎಲ್ಲಿ ಎಂದರೆ ದಾರಿ ಹೇಳಿದ ಹಾಗೆ.
ಕತ್ತರಿ ಬಾಯಿ ತೆರೆಯಿತು. ತೆರೆದೇ ನಿಂತಿತು.
ಮುಚ್ಚಿದೆ. ಹುಡುಗನನ್ನು ಇಳಿಸಿದೆ.
ಅದಕ್ಕೇ ನೀವು ಎರಡು ತಿಂಗಳು ಬಸ್‌ಸ್ಟಾಂಡಿನ ಅಂಗಡಿಗೆ ಹೋದಿರಿ.
ಅಲ್ಲಿ ಗಾಯ ಮಾಡಿದರಂತೆ. ಇರಲಿ.

ಸಮ ಮಾಡುವುದು ನನ್ನ ಕಸುಬು ಮೇಷ್ಟ್ರೇ.
ಎರಡು ಕಿವಿ ಒಂದೇ ಎತ್ತರಕ್ಕಿರುವ ಮನುಷ್ಯ
ಇದುವರೆಗೆ ಈ ಕುರ್ಚಿಗೆ ಬಂದಿಲ್ಲ.
ನಿಮ್ಮ ಎಡಗಿವಿಯೇ ಬೆರಳಗಲ ಕೆಳಗೆ.
ಅಳತೆಪಟ್ಟಿ ಇಟ್ಟು ಎರಡೂ ಕಡೆ ಒಂದೇ ಕತ್ತರಿಸಿದರೆ
ಮುಖ ವಾರೆ ಕಾಣುತ್ತದೆ.
ಕಣ್ಣಿಟ್ಟು ಒಂದು ಕಡೆ ಒಂಚೂರು ಬಿಡಬೇಕು.
ಆಗ ನೀವೇ ಹೇಳುತ್ತೀರಿ: ಆಹಾ, ಸಮ ಆಯಿತು.

ನಾನೂ ನಿಮ್ಮ ಚರ್ಚಿನವನೇ, ಭಾನುವಾರ ನಿಮ್ಮ ಹಿಂದಿನ ಬೆಂಚು.
ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಮಕ್ಕಳು ಹಾಡುವುದು ನಮ್ಮ ಕೀರ್ತನೆ;
ಸಾಣೆ ಹಿಡಿಯುತ್ತ ನಾನಿಲ್ಲಿ ತಗ್ಗು ದನಿ ಸೇರಿಸುತ್ತೇನೆ.
ಅದಕ್ಕೆ ಯಾರೂ ಚೀಟಿ ಬರೆಯಲಿಲ್ಲ.
ನಮ್ಮ ನಂಬಿಕೆ ಗೋಡೆಗೆ ಬಳಿದ ಸುಣ್ಣ,
ಒಳಗೆ ಹುಟ್ಟಿದವರಿಗೆ ಕಾಣುವುದೇ ಇಲ್ಲ.
ಹೋದ ವರ್ಷ ಆಸಿಯಾತುವಿನ ತಲೆವಸ್ತ್ರ.
ಗಲಾಟೆ ಮಾಡಿ ಮಾಡಿ, ಕೊನೆಗೆ ನೀವೇ ಬಣ್ಣ ಗೊತ್ತು ಮಾಡಿದಿರಿ.
ಶಾಲೆ ಬಿತ್ತೇ?
ತಗಡು ಹಾರಿಸಿದ್ದು ಮಾರ್ಚಿನ ಗಾಳಿ,
ಆ ಹುಡುಗಿಯಲ್ಲ.

ಮೊನ್ನೆ ಗುರುವಾರ, ಮೂರನೇ ತರಗತಿ.
ಮಿಸ್ ಚಿಸಾಲೆ ಕೇಳಿದರು: ಏಳೆಂಟಲ ಎಷ್ಟು?
ಒಳಗೆ ಎಂಬತ್ತು ಮಕ್ಕಳು. ಸದ್ದಿಲ್ಲ.
ಕಿಟಕಿಯ ಹೊರಗಿಂದ, ಮರದ ಬುಡದಿಂದ: ಐವತ್ತಾರು.
ಟೀಚರು ಅದನ್ನೇ ಹಲಗೆಯ ಮೇಲೆ ಬರೆದರು,
ಯಾರದೆಂದು ಬರೆಯಲಿಲ್ಲ.
ಹಾಜರಿ ಪುಸ್ತಕದಲ್ಲಿ ಆ ದಿನವೂ ಅವನು ಗೈರು.

ನುಂಗಬೇಡಿ ಈಗ, ಕತ್ತಿ ಗಂಟಲ ಮೇಲಿದೆ.

ಆಯಿತು. ಒರೆಸಿಕೊಳ್ಳಿ.
ಅಂದಹಾಗೆ, ಆ ತಾಯಿ ಬಟ್ಟೆ ಇಲ್ಲೇ ಮರೆತು ಹೋದಳು.
ಈಗ ನಿಮ್ಮ ಕೊರಳಿಗೆ ಕಟ್ಟಿರುವುದು ಅದೇ.
ಬಿದ್ದದ್ದನ್ನು ಗುಡಿಸಲೇ, ಕಟ್ಟಿಕೊಡಲೇ?

ದುಡ್ಡು ಇರಲಿ. ಚೀಟಿ ಬೇಕಿದ್ದರೆ ವಾಪಸ್ ತಗೊಳ್ಳಿ.
ಬೆಟ್ಟದ ಮೋಡ ಇಳಿಯುತ್ತಿದೆ,
ಸೋಮವಾರದಿಂದ ಮಳೆಯಂತೆ.
ಮಾವಿನ ಮರ ಎಷ್ಟು ತಡೆದೀತು.