ಗಾಳಿಗೆಂದು ಒಡೆದದ್ದು

ದಿಯಾರ್‌ಬಕಿರ್‌ನ ಕೋಟೆ ಕರಿಕಲ್ಲಿನದು.
ಬೇಸಿಗೆಯಲ್ಲಿ ನಡುರಾತ್ರಿ ಮುಟ್ಟಿದರೂ
ಅಂಗೈ ಚುರ್ರೆನ್ನುತ್ತದೆ.

ಊರಿಗೆ ಉಸಿರಾಡಲು ಗಾಳಿಯಿಲ್ಲ,
ಒಡೆಯಿರಿ ಅಂದರಂತೆ ಸಾಹೇಬರು.
ಮದ್ದು ತುಂಬಿದವನು ನನ್ನಜ್ಜ ಮೆಲ್ಕೋನ್.
ಕಲ್ಲುಕುಟಿಗರ ಓಣಿಯಲ್ಲಿ ಆಗ ಉಳಿದಿದ್ದವನು
ಅವನೊಬ್ಬನೇ.
ಆ ಬುರುಜು ಕಟ್ಟಿದ್ದೂ ನಮ್ಮವರೇ ಅನ್ನುತ್ತಿದ್ದ,
ಎಂಟುನೂರು ವರ್ಷದ ಹಿಂದೆ, ಯಾವನೋ ಸುಲ್ತಾನನಿಗೆ.
ಅವತ್ತಿನ ಕೂಲಿಯೂ ಬಾಕಿಯಂತೆ.

ಮೊದಲ ಮದ್ದಿಗೆ ಗೋಡೆ ಕೆಮ್ಮಿತು, ಅಷ್ಟೇ.
ಮೂರನೆಯದಕ್ಕೆ ಕೊಕ್ಕರೆಗೂಡು ಬಿತ್ತು.
ಆಮೇಲೆ ಬಂತು ಗಾಳಿ,
ಟೈಗ್ರಿಸ್ ದಂಡೆಯ ಕಲ್ಲಂಗಡಿ ಹೊಲದ ವಾಸನೆ ಹೊತ್ತು,
ಹಿಂದೆಯೇ ನೊಣ, ದೂಳು,
ಸುಂಕ ಕಟ್ಟದೆ ಪೇಟೆಗೆ ನುಗ್ಗಿದ ಕತ್ತೆಗಳು.

ಬಿದ್ದ ಕಲ್ಲನ್ನು ಯಾರೂ ಬಿಡಲಿಲ್ಲ:
ಹಮಾಮಿಗೆ ನಾಲ್ಕು, ಒಲೆಗೆ ಮೂರು.
ನಮ್ಮ ಹೊಸ್ತಿಲಿಗೆ ಬಂದದ್ದರಲ್ಲಿ ಅರ್ಧ ಸಿಂಹ.
ಮುಖ ಯಾರ ಮನೆಯಲ್ಲಿದೆಯೋ.
ಅಜ್ಜಿ ಶುಶಾನ್ ಚಾಕು ಮಸೆದೂ ಮಸೆದೂ
ಬಾಲ ಸವೆಯಿತು.

ಕೆಲಸ ಅರ್ಧಕ್ಕೇ ನಿಂತಿತು,
ಯಾರೋ ಓದಿದವರು ಬಂದು ಬೇಡವೆಂದರಂತೆ.
ಉಳಿದ ಗೋಡೆಯ ನೆರಳಿಗೆ ಒರಗಿ
ಅಜ್ಜ ಕೊನೆಯ ವಾರದ ಕೂಲಿ ಕಾದ,
ನೆರಳು ಸರಿದ ಹಾಗೆ ತಾನೂ ಸರಿಯುತ್ತ.
ಗಾಳಿಯೇನೋ ಬೀಸುತ್ತಿತ್ತು.
ಅದೂ ಬಿಸಿ.